ಬೆಳಗ್ಗೆ ಗಾಡಿ, ಸಂಜೆ ಗಾಡಿ

೧೪ ಜುಲೈ ೨೦೨೫, ಸೋಮವಾರ

ಆಫೀಸಿನ ಸಿಟ್ಟನ್ನೆಲ್ಲ ಮನೆಗೆ ಹೊತ್ತು ತಂದು ತಟ್ಟೆಯ ಮುಂದೆ ತೀರಿಸಿಕೊಳ್ಳುತ್ತೇನೆ ಎಂದು ಶಶಿರೇಖ ಈ ಡೈರಿಯನ್ನು ನನ್ನ ಕೈಗೆ ತುರುಕಿದ್ದಾಳೆ. "ಏನ್ ಬೈಬೇಕೋ ಇದ್ರಾಗೆ ಬರ್ಕಳಿ, ನನ್ ತಲೆ ತಿನ್ಬ್ಯಾಡಿ" ಅಂದಳು. ಹೆಂಡತಿಯ ಮಾತನ್ನು ಒಂದೇ ಸಲಕ್ಕೆ ಕೇಳಿದ್ದು ನನ್ನ ಸಂಸಾರದಲ್ಲಿ ಇದೇ ಮೊದಲಿರಬೇಕು. ಬೈಯುವುದಕ್ಕೆ ಇವತ್ತು ಬೇಕಾದಷ್ಟಿದೆ.

ನಮ್ಮ ಕುವಲಾಲ ಮೋಟಾರ್ಸ್‌ಗೆ ಹೊಸ ಸಿಇಒ ಬಂದಳು. ಹೆಸರು ಗಂಗರತ್ನಮ್ಮ. ಬಂಗಾರಪೇಟೆ ಕಡೆಯ ಹಳ್ಳಿಯವಳೇ. ಇಷ್ಟು ದಿನ ನಡೆಸುತ್ತಿದ್ದದ್ದು ಒಂದು ಖಾಸಗಿ ಹಾಲಿನ ಕಂಪನಿ. ಹಾಲು, ಮೊಸರು, ತುಪ್ಪ, ಪೇಡ. ಕಾರು ಮಾಡುವ ಕಂಪನಿ ಮುಳುಗುತ್ತಿರುವಾಗ ಬೆಂಗಳೂರಿನ ಮಾಲೀಕರ ಕಣ್ಣಿಗೆ ಬಿದ್ದಿದ್ದು ಒಬ್ಬ ಹಾಲಿನಮ್ಮ! ಪ್ರೊಡಕ್ಷನ್ ಮ್ಯಾನೇಜರ್ ಅಂತ ನಾನೊಬ್ಬ ಇಲ್ಲಿದ್ದೇನೆ, ಶೆಡ್ಡಿನ ಮೊದಲ ಕಂಬ ನೆಟ್ಟಾಗಿನಿಂದ ಇದ್ದೇನೆ. ಆ ಕುರ್ಚಿ ನನಗೇ ಎಂದು ಇಡೀ ಆಂಡರ್ಸನ್‌ಪೇಟೆ ಮಾತಾಡಿಕೊಂಡಿತ್ತು. ಈಗ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕು.

ನಮ್ಮ 'ಗುಬ್ಬಿ' ಸಣ್ಣ ಕರೆಂಟು ಕಾರು. ಓಡಿದರೆ ಬೆಣ್ಣೆಯ ಹಾಗೆ ಓಡುತ್ತದೆ. ಆದರೆ ಮಳೆ ಶುರುವಾದಾಗಿನಿಂದ ಕೆಲವು ಗಾಡಿಗಳ ಬ್ಯಾಟರಿ ಪೆಟ್ಟಿಗೆಗೆ ನೀರಿಳಿದು ನಡುರಸ್ತೆಯಲ್ಲಿ ನಿಂತುಬಿಡುತ್ತಿವೆ. ಹೆಚ್ಚಿನವು ಚೆನ್ನಾಗಿರುತ್ತವೆ, ಎಲ್ಲೋ ಒಂದು ಕೈಕೊಡುತ್ತದೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ಡಿಸೆಂಬರ್‌ವರೆಗೆ ನೋಡುತ್ತೇವೆ, ಹೀಗೇ ಆದರೆ ಬೀಗ ಎಂದು ಮಾಲೀಕರು ಖಡಾಖಂಡಿತವಾಗಿ ಹೇಳಿದ್ದಾರೆ. ಚಿನ್ನದ ಗಣಿ ಮುಚ್ಚಿದ ಊರು ಇದು. ಬೀಗ ಅಂದರೇನು ಎಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಮೀಟಿಂಗಿನಲ್ಲಿ ಹಾಲಿನಮ್ಮ ಎದ್ದು ನಿಂತು ಹೇಳಿದ್ದು ಇಷ್ಟು: "ನಂಗೆ ಕಾರಿನ ಇಸ್ಯ ಏನೂ ಗೊತ್ತಿಲ್ಲ. ನೀವು ಏಳ್ಕೊಡಿ, ಕಲ್ತ್ಕತೀನಿ." ಹಾಲಿಗೆ 'ಆಲು' ಅನ್ನುತ್ತಾಳೆ. ಮನೆಯಲ್ಲಿ ನಾನೂ ಹಾಗೇ ಅನ್ನುತ್ತೇನೆ, ಆದರೆ ಕೋಟು ಹಾಕಿಕೊಂಡವರ ಎದುರಿಗೆ ಅನ್ನುವುದಿಲ್ಲ. ಇನ್ನು ಕಾರಿಗೆ ಹೆಪ್ಪು ಹಾಕುವುದೊಂದು ಬಾಕಿ.

೧೬ ಜುಲೈ, ಬುಧವಾರ

ವಾಪಸು ಬಂದ ಗಾಡಿಗಳನ್ನು ನಾವು ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಮುಚ್ಚಿ, ಬಂದವರ ಕಣ್ಣಿಗೆ ಬೀಳದ ಹಾಗೆ ಇಟ್ಟಿದ್ದೆವು. ಹಾಲಿನಮ್ಮ ಇವತ್ತು ಅವನ್ನೆಲ್ಲ ತಳ್ಳಿಸಿಕೊಂಡು ಬಂದು, ಗೇಟು ದಾಟಿದ ಕೂಡಲೇ ಎಲ್ಲರಿಗೂ ಕಾಣುವ ಹಾಗೆ ಸಾಲಾಗಿ ನಿಲ್ಲಿಸಿದಳು.

"ಮೇಡಂ, ನೋಡಿದವರು ಏನೆಂದುಕೊಳ್ಳುತ್ತಾರೆ?" ಅಂದೆ.

"ವಾಪಸ್ ಬಂದ ಆಲನ್ನ ಮೊದ್ಲು ನಾವೇ ಮೂಸಿ ನೋಡ್ಬೇಕು ಮುನಿರಾಜು ಅವ್ರೇ. ಬೇರೇರು ಮೂಸಿ ಏಳೋಗಂಟ ಕಾಯಕ್ಕಾಗಲ್ಲ."

ಒಂದೊಂದರ ಒಳಗೂ ಹತ್ತಿ ಕೂತಳು. ಸೀರೆಯ ಅಂಚಿಗೆ ಗ್ರೀಸು ಮೆತ್ತಿಕೊಂಡಿತು. ಕೊನೆಯ ಗಾಡಿಯಲ್ಲಿ ಬಾಗಿಲು ತೆಗೆಯುವುದು ಎಲ್ಲೆಂದು ತಿಳಿಯದೆ ಒಳಗೇ ಉಳಿದಳು. ಬೆಳಗಿನ ಪಾಳಿಯ ಸೆಲ್ವರಾಜ್, ನಮ್ಮಲ್ಲಿ ಬ್ಯಾಟರಿ ಪೆಟ್ಟಿಗೆಗೆ ಅಂಟು ಬಳಿಯುವವನು, ಓಡಿಹೋಗಿ ತೆಗೆದುಕೊಟ್ಟ. ಕಾರಿನ ಕಂಪನಿಯ ಸಿಇಒಗೆ ಕಾರಿನ ಬಾಗಿಲು ಬರುವುದಿಲ್ಲ! ನಗು ತಡೆಯಲಾಗದೆ ನಾನು ಶೆಡ್ಡಿನ ಹಿಂದಕ್ಕೆ ಹೋಗಬೇಕಾಯಿತು.

೨೩ ಜುಲೈ, ಬುಧವಾರ

ಇವತ್ತಿನಿಂದ ನಾಲ್ಕು ಗಂಟೆಗೆ ಎಲ್ಲರಿಗೂ ಮಜ್ಜಿಗೆ. ಕ್ಯಾಂಟೀನಿನ ಕನಕಮ್ಮ ಲೋಟ ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಮುಟ್ಟಲಿಲ್ಲ. ಮುಟ್ಟುವುದೂ ಇಲ್ಲ.

೫ ಆಗಸ್ಟ್, ಮಂಗಳವಾರ

ಮತ್ತೆ ಎರಡು ಗಾಡಿ ಎಳೆದು ತಂದರು. ಅದರಲ್ಲಿ ಒಂದರ ಮಾಲೀಕ ಗೇಟಿನಲ್ಲಿ ನಿಂತು ನಮ್ಮ ವಂಶವನ್ನೆಲ್ಲ ಜಾಲಾಡಿ ಹೋದ. ಮೀಟಿಂಗಿನಲ್ಲಿ ಬೆಂಗಳೂರಿನ ಡಿಸೈನಿನವರು ಪರದೆಯ ಮೇಲೆ ಬಣ್ಣಬಣ್ಣದ ಗೆರೆ ತೋರಿಸಿದರು. ತಪ್ಪು ಡಿಸೈನಿನದು ಅಂತ ನಾನು, ಜೋಡಿಸುವವರದು ಅಂತ ಅವರು. ಪ್ರತಿ ವಾರದ ಭಜನೆ ಇದು.

ಎಲ್ಲರ ಗಂಟಲೂ ಒಣಗಿದ ಮೇಲೆ ಗಂಗರತ್ನಮ್ಮ ಕೇಳಿದಳು: "ಕೆಟ್ಟಿರೋವು ಬೆಳಗ್ಗೆ ಗಾಡಿನಾ, ಸಂಜೆ ಗಾಡಿನಾ?"

"ಗಾಡಿಗೆ ಬೆಳಗ್ಗೆ, ಸಂಜೆ ಅಂತ ಇರುವುದಿಲ್ಲ ಮೇಡಂ. ಇದು ಹಾಲಲ್ಲ," ಅಂದೆ. ಡಿಸೈನಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ತಿಂಗಳಿನಲ್ಲಿ ಮೊದಲ ಸಲ ನಾವೂ ಅವರೂ ಒಂದಾದೆವು.

ಅವಳಿಗೆ ಬೇಸರವೂ ಆಗಲಿಲ್ಲ. "ನಮ್ ಡೇರಿನಾಗೆ ಆಲು ಒಡೀತು ಅಂದ್ರೆ ಮೊದ್ಲು ಕೇಳೋ ಮಾತೇ ಇದು. ಬೆಳಗ್ಗೇದು ಸರಿಯಾಗೇ ಇರ್ತದೆ, ಸಂಜೇದೂ ಸರಿಯಾಗೇ ಇರ್ತದೆ. ತಣ್ಣಗಿರೋ ಆಲ್ನ ಮೇಲೆ ಆಗ್ತಾನೆ ಕರೆದಿರೋ ಬಿಸಿ ಆಲು ಉಯ್ದಿರ್ತಾರೆ ನೋಡಿ, ಅಲ್ಲಿ ಕೆಡ್ತದೆ. ನಿಮ್ ಗಾಡಿ ಯಾವ್ಯಾವ ಟೈಮಿನವು ಅಂತ ಸುಮ್ನೆ ಒಂದ್ಸಲ ನೋಡಿ ಮುನಿರಾಜು ಅವ್ರೇ."

ನೋಡುತ್ತೇನೆ. ನೋಡಿ, ಹಾಲಿಗೂ ಕಾರಿಗೂ ಸಂಬಂಧವಿಲ್ಲ ಎಂದು ಮುಖಕ್ಕೆ ಹಿಡಿಯುತ್ತೇನೆ.

೭ ಆಗಸ್ಟ್, ಗುರುವಾರ

ಸಂಬಂಧ ಇದೆ.

ಯಾವ ಗಾಡಿ ಯಾವ ಹೊತ್ತಿನಲ್ಲಿ ಯಾರ ಮುಂದೆ ನಿಂತಿತ್ತು ಎಂಬುದು ಕಂಪ್ಯೂಟರಿನಲ್ಲಿ ತಾನಾಗಿಯೇ ಸೇರಿಕೊಂಡಿರುತ್ತದೆ. ಇದುವರೆಗೆ ಯಾರೂ ತಿರುಗಿ ನೋಡಿರಲಿಲ್ಲ, ಅಷ್ಟೆ. ಕೆಟ್ಟ ಗಾಡಿಗಳು ಬೆಳಗಿನವೂ ಅಲ್ಲ, ಸಂಜೆಯವೂ ಅಲ್ಲ. ಬೆಳಗಿನ ಪಾಳಿ ಹೋಗಿ ಸಂಜೆ ಪಾಳಿ ಬರುವ ಹೊತ್ತಿನಲ್ಲಿ ಅಂಟು ಬಳಿಯುವ ಜಾಗದಲ್ಲಿ ನಿಂತಿದ್ದವು. ಅಷ್ಟೂ ಗಾಡಿ. ಎರಡು ಸಲ ನೋಡಿದೆ.

ಹಾಲಿನಮ್ಮನಿಗೆ ಇನ್ನೂ ಹೇಳಿಲ್ಲ. ಊಟ ಸೇರಲಿಲ್ಲ.

೮ ಆಗಸ್ಟ್, ಶುಕ್ರವಾರ

ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಸಲ ಅಂಟು ಬಳಿಯಬೇಕು. ಮೊದಲನೆಯದು ಒಣಗಿದ ಮೇಲೆ ಎರಡನೆಯದು. ಎರಡೂ ಕಪ್ಪು, ಒಂದು ಸಲವೋ ಎರಡು ಸಲವೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕಾರ್ಖಾನೆಯಲ್ಲಿ ನೀರು ಹೊಡೆದು ನೋಡುವಾಗ ಒಂದು ಸಲದ ಅಂಟೂ ತಡೆಯುತ್ತದೆ. ರಸ್ತೆಯ ಗುಂಡಿಯಲ್ಲಿ ಕುಲುಕಾಡಿದ ಮೇಲೆ ಬಿರುಕು ಬಿಡುತ್ತದೆ. ಇದೆಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದು ಇವತ್ತು ಮಧ್ಯಾಹ್ನ ಕಂಬದ ಮರೆಯಲ್ಲಿ ನಿಂತು ನೋಡಿದ್ದು.

ಸೆಲ್ವರಾಜ್ ಮೊದಲನೇ ಸಲ ಬಳಿದು ಮುಗಿಸಿದ. ಗಾಡಿಗೆ ಕಾರ್ಡೊಂದನ್ನು ನೇತುಹಾಕಿದ. ಕೈ ತೊಳೆದು ಚಾಂಪಿಯನ್ ರೀಫ್ಸ್ ಕಡೆಯ ಕಂಪನಿ ಬಸ್ಸಿಗೆ ಓಡಿದ. ಕಾರ್ಡಿನ ಮೇಲೆ ಒಂದೇ ಮಾತು: 'ಚಾಲು'. ಹಿಂದೆ ಇದ್ದ ಹುಬ್ಬಳ್ಳಿಯ ಮ್ಯಾನೇಜರು ಮಾಡಿಸಿದ್ದು. ಕೆಲಸ ನಡೆಯುತ್ತಿದೆ, ಮುಗಿದಿಲ್ಲ ಅಂತ ಅರ್ಥ. ಸ್ವಲ್ಪ ಹೊತ್ತಿಗೆ ಸಂಜೆ ಪಾಳಿಯ ಗೋಪಿ ಬಂದ. ಕಾರ್ಡು ನೋಡಿದ, ತೆಗೆದ, ಗಾಡಿಯನ್ನು ಮುಂದಕ್ಕೆ ತಳ್ಳಿದ.

"ಲೇ ಗೋಪಿ! ಎರಡ್ನೇ ಸಲ ಯಾವನ್ಲಾ ಬಳಿಯೋನು?"

"ಆಗೋಗದೆ ಸಾರ್. ಚಾಲು ಅಂತ ನೇತಾಕವ್ರಲ್ಲ."

"ಚಾಲು ಅಂದ್ರೆ ಏನ್ಲಾ?"

ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದ. "ಚಾಲು ಅಂದ್ರೆ ಚಾಲು ಸಾರ್. ಸಾಕು ಅಂತ."

ಗೋಪಿಯ ಊರು ಆಂಧ್ರದ ಗಡಿಯಲ್ಲಿ, ಮನೆಮಾತು ತೆಲುಗು. ಅಮ್ಮ ಅನ್ನ ಬಡಿಸುವಾಗ ಹುಟ್ಟಿದಾಗಿನಿಂದ ಅವನು ಹೇಳುತ್ತಿರುವ ಮಾತು ಅದು. ಮಾರ್ಚಿನಲ್ಲಿ ಸಂಜೆ ಪಾಳಿ ಶುರುವಾದಾಗ ಸೇರಿದವನು. ಅವತ್ತಿನಿಂದ ಪಾಳಿ ಬದಲಾಗುವಾಗ ನಿಂತಿದ್ದ ಗಾಡಿಯನ್ನೆಲ್ಲ 'ಸಾಕಂತೆ' ಎಂದು ಮುಂದಕ್ಕೆ ಕಳಿಸಿದ್ದಾನೆ. ನನಗೆ ಮೈಯೆಲ್ಲ ಉರಿದುಹೋಯಿತು. "ನಾಳೆಯಿಂದ ಬರ್ಬ್ಯಾಡ" ಎಂದು ಬಾಯಿಗೆ ಬಂದಿತ್ತು. ಹಿಂದಿನಿಂದ ಗಂಗರತ್ನಮ್ಮನ ದನಿ ಕೇಳಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

"ಅವನ್ನ ಯಾಕ್ ಬೈತೀರಾ? ಅವನು ಸರಿಯಾಗೇ ಓದವ್ನೆ. ಸೆಲ್ವರಾಜೂ ಸರಿಯಾಗೇ ನೇತಾಕವ್ನೆ" ಅಂದರು. ಗೋಪಿಯ ಕೈಯಲ್ಲಿದ್ದ ಕಾರ್ಡನ್ನು ತೆಗೆದುಕೊಂಡು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಮೂರು ಭಾಷೆ ಊರುಗಳಿಂದ ಆಲು ಬರ್ತಿತ್ತು ನಮ್ಗೆ. ಕ್ಯಾನ್ ಮೇಲೆ ಏನೂ ಬರೀತಿರ್ಲಿಲ್ಲ. ಕೊಡೋನು ತಗೊಳೋನ ಕೈಗೇ ಕೊಡ್ಬೇಕು, ರಸ್ತೆ ಮೇಲೆ ಇಟ್ಟು ಓಗಂಗಿಲ್ಲ. ಅಷ್ಟೇ ನಮ್ ಕಾನೂನು."

ನಾಳೆಯಿಂದ ಇಲ್ಲೂ ಅದೇ ಕಾನೂನು. ಹೋಗುವವನು ಬರುವವನ ಕೈಗೆ ಅಂಟಿನ ಗನ್ನು ಕೊಟ್ಟು, ಎಷ್ಟನೇ ಸಲ ಎಂದು ಬಾಯಿಬಿಟ್ಟು ಹೇಳಿ ಹೋಗಬೇಕು. ಅಲ್ಲಿಯವರೆಗೆ ಬಸ್ಸು ಕಾಯುತ್ತದೆ. ಕಾರ್ಡುಗಳು ಗುಜರಿಗೆ ಹೋದವು.

ಮನೆಯಲ್ಲಿ ವರಮಹಾಲಕ್ಷ್ಮಿ ಹಬ್ಬ. ಶಶಿರೇಖ ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುತ್ತಿದ್ದಳು. "ಚಾಲು, ಚಾಲು" ಅಂದೆ, ಈ ಗಡಿಸೀಮೆಯಲ್ಲಿ ಎಲ್ಲರೂ ಅನ್ನುವ ಹಾಗೆ. ಅವಳು ನಿಲ್ಲಿಸಿದಳು. ನಾನು ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟೆ. ಬೆಳಗ್ಗೆ ಲೈನಿನಲ್ಲಿ 'ಚಾಲು ಮಾಡ್ರೋ' ಎಂದು ಕೂಗುವವನೂ ನಾನೇ, ತಟ್ಟೆಯ ಮುಂದೆ 'ಚಾಲು' ಎಂದು ಕೈ ಅಡ್ಡ ಹಿಡಿಯುವವನೂ ನಾನೇ. ಕಾರ್ಡು ಮೂರು ವರ್ಷದಿಂದ ಕಣ್ಣ ಮುಂದೆ ನೇತಾಡುತ್ತಿತ್ತು.

"ಯಾಕೆ, ಸಿಹಿ ಜಾಸ್ತಿಯಾಯ್ತಾ?" ಎಂದು ಶಶಿರೇಖ ಕೇಳಿದಳು. ನಡೆದದ್ದನ್ನು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನಗೂ ನಗು ಬಂತು.

೧ ಸೆಪ್ಟೆಂಬರ್, ಸೋಮವಾರ

ಅಂಟಿನ ತಂಟೆ ತೀರಿತು. ಆದರೆ ಈಗಾಗಲೇ ಮಾರಿದ ಗಾಡಿಗಳಿವೆಯಲ್ಲ, ಅವು ಯಾವ ಮಳೆಯಲ್ಲಿ ಎಲ್ಲಿ ನಿಲ್ಲುತ್ತವೋ. ಪಾಳಿ ಬದಲಾಗುವಾಗಿನ ಗಾಡಿಗಳನ್ನೆಲ್ಲ ವಾಪಸು ಕರೆಸೋಣ, ತಪ್ಪಾಗಿದೆ ಎಂದು ಹೇಳಿಯೇ ಕರೆಸೋಣ ಎನ್ನುತ್ತಾರೆ ಗಂಗರತ್ನಮ್ಮ ಮೇಡಂ. ಮಾಲೀಕರು ಫೋನಿನಲ್ಲೇ ಹಾರಾಡಿದರು. ಹೀಗೆ ಊರಿಗೆಲ್ಲ ಡಂಗುರ ಹೊಡೆದರೆ ಡಿಸೆಂಬರ್‌ವರೆಗೆ ಯಾಕೆ, ನಾಳೆಯೇ ಬೀಗ ಹಾಕಬಹುದು, ಕೆಟ್ಟು ನಿಂತದ್ದನ್ನು ಮಾತ್ರ ಸದ್ದಿಲ್ಲದೆ ರಿಪೇರಿ ಮಾಡಿಕೊಡಿ ಅಂದರು.

"ಒಡೆದ ಆಲು ಅಂತ ಗೊತ್ತಾದ್ಮೇಲೂ ಮನೆಮನೆಗೆ ಆಕಿ ಬರೋದು ನನ್ ಕೈಲಾಗಲ್ಲ ಸಾರ್. ಮಕ್ಕಳು ಕೂತ್ಕಳೋ ಗಾಡಿ" ಎಂದರು ಮೇಡಂ. ದನಿ ಏರಿಸಲಿಲ್ಲ.

"ಮುನಿರಾಜ್, ನೀವಾದರೂ ಸ್ವಲ್ಪ ಬುದ್ಧಿ ಹೇಳಿ" ಅಂದರು ಮಾಲೀಕರು.

"ಮೇಡಂ ಹೇಳೋದೇ ಸರಿ ಸಾರ್" ಅಂದೆ. ಆಮೇಲೆ "ಏನಾದರೂ ಮಾಡಿಕೊಳ್ಳಿ, ಆದರೆ ಡಿಸೆಂಬರ್ ನೆನಪಿರಲಿ" ಎಂದು ಫೋನಿಟ್ಟರು. ಸರಿಯಿದ್ದದ್ದನ್ನು ಸರಿ ಅಂದೆ, ಅಷ್ಟೆ.

೧೦ ಸೆಪ್ಟೆಂಬರ್, ಬುಧವಾರ

ಗಾಡಿಗಳನ್ನು ನಾವೇ ಮನೆಮನೆಗೆ ಹೋಗಿ ತರುತ್ತಿದ್ದೇವೆ. ಇವತ್ತು ಮೇಡಂ ಜೊತೆ ಬಂಗಾರಪೇಟೆಗೆ ಹೋಗಿದ್ದೆ, ವೆಂಕಟರತ್ನಮ್ಮ ಎಂಬ ನಿವೃತ್ತ ಟೀಚರ ಮನೆಗೆ. ಅವರ ಗುಬ್ಬಿ ಕೆಟ್ಟಿರಲೇ ಇಲ್ಲ.

"ಸರಿಯಾಗಿರೋ ಗಾಡೀನ ಯಾಕ್ರೀ ತಗೊಂಡು ಓಗ್ತೀರಾ? ನಾನು ಕಂತು ಕಟ್ಟಿಲ್ವಾ?" ಎಂದು ಬಾಗಿಲಿಗೆ ಅಡ್ಡ ನಿಂತರು. ನಾನು ಅಂಟು, ಮುಚ್ಚಳ, ಬಿರುಕು ಎಂದು ಪಾಠ ಶುರು ಮಾಡಿದೆ. ಮೇಡಂ ನನ್ನನ್ನು ಕೈಸನ್ನೆಯಲ್ಲೇ ಸುಮ್ಮನಾಗಿಸಿ, "ನಮ್ ಕಡೆ ತಪ್ಪಾಗದೆ ಅಮ್ಮ. ಇವತ್ತು ಚೆನ್ನಾಗದೆ, ಮಳೇಲಿ ಕೈಕೊಡ್ತದೆ. ಸರಿ ಮಾಡಿ ಇಲ್ಲಿಗೇ ತಂದು ನಿಲ್ಲಿಸ್ತೀವಿ" ಅಂದರು.

ಟೀಚರು ಕನ್ನಡಕ ಏರಿಸಿ ಅವರನ್ನೇ ನೋಡಿದರು. "ಕಂಪನಿಯೋರು ತಪ್ಪಾಗದೆ ಅಂದಿದ್ದು ನನ್ ಜೀವಮಾನದಾಗೆ ಇದೇ ಮೊದ್ಲು. ಒಳಕ್ಕೆ ಬನ್ನಿ, ಕಾಫಿ ಕುಡ್ಕಂಡು ಓಗಿ."

ಹೊರಡುವಾಗ ಟೀಚರು ತಮ್ಮ ತಂಗಿಗೂ ಒಂದು ಗುಬ್ಬಿ ಬೇಕಂತೆ, ಬಿಳಿ ಬಣ್ಣದ್ದು ಎಂದು ಹೇಳಿಬಿಟ್ಟರು. ಬರುವ ದಾರಿಯಲ್ಲಿ ಮೇಡಂ ಬಾಗಿಲ ಪಕ್ಕದ ಗುಂಡಿಗಳನ್ನೆಲ್ಲ ತೋರಿಸಿ ಯಾವುದು ಯಾಕೆ ಎಂದು ಕೇಳಿದರು. ಹೇಳಿಕೊಟ್ಟೆ. ಬೇಗ ಕಲಿಯುತ್ತಾರೆ. ಒಂದು ಗುಂಡಿ ಯಾಕಿದೆ ಎಂದು ನನಗೂ ಗೊತ್ತಿರಲಿಲ್ಲ.

೧ ಅಕ್ಟೋಬರ್, ಬುಧವಾರ

ಆಯುಧಪೂಜೆ. ಎಷ್ಟೋ ವರ್ಷದಿಂದ ಮಿಷನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚಿ ಮುಗಿಸುತ್ತಿದ್ದೆವು. ಈ ಸಲ ಅಂಟಿನ ಗನ್ನಿಗೆ ಚೆಂಡುಹೂವಿನ ಹಾರ ಹಾಕಿದ್ದರು! ಹಾಕಿದವನು ಸೆಲ್ವರಾಜ್. ಮಂಗಳಾರತಿ ಆದ ಮೇಲೆ ಎಲ್ಲರೂ ನೋಡುತ್ತಿದ್ದ ಹಾಗೆ ಅದನ್ನು ಎತ್ತಿ ಗೋಪಿಯ ಕೈಗೆ ಕೊಟ್ಟು, "ಎರಡ್ನೇ ಸಲ ಬಾಕಿ ತಂಬಿ" ಎಂದು ಗಟ್ಟಿಯಾಗಿ ಹೇಳಿದ. ಗೋಪಿ ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಇಡೀ ಶೆಡ್ಡು ಶಿಳ್ಳೆ ಹೊಡೆಯಿತು.

ಆಗಸ್ಟಿನಲ್ಲಿ ಆ ಹುಡುಗನನ್ನು ಮನೆಗೆ ಕಳಿಸುವವನಿದ್ದೆ. ಈಗ ಅಂಟಿನ ಜಾಗದಲ್ಲಿ ಅವನಷ್ಟು ಜೋಪಾನ ಮಾಡುವವನು ಇನ್ನೊಬ್ಬನಿಲ್ಲ.

೫ ನವೆಂಬರ್, ಬುಧವಾರ

ಮಜ್ಜಿಗೆ ಇವತ್ತು ಅರ್ಧ ಗಂಟೆ ತಡ, ಇಂಗೂ ಕಡಿಮೆ. ಕನಕಮ್ಮನಿಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು.

ಒಂದು ಒಳ್ಳೆಯ ಸುದ್ದಿ. ಬೆಂಗಳೂರಿನ ಟ್ಯಾಕ್ಸಿ ಕಂಪನಿಯೊಂದು ಗುಬ್ಬಿಗಳನ್ನು ಕೊಳ್ಳುವ ಮಾತಾಡುತ್ತಿದೆ. ನಾವೇ ತಪ್ಪಾಗಿದೆ ಎಂದು ಹೇಳಿ ಗಾಡಿ ವಾಪಸು ಕರೆಸಿದ ಸುದ್ದಿಯನ್ನು ಯಾರೋ ಫೇಸ್‌ಬುಕ್ಕಿಗೆ ಹಾಕಿದ್ದರಂತೆ, ಅದನ್ನು ನೋಡಿ ಬಂದವರು. ಅವರ ಎಂಜಿನಿಯರು ಬಂದು ಪರೀಕ್ಷೆ ಮಾಡುತ್ತಾರೆ. ಗೆದ್ದರೆ ವರ್ಷವಿಡೀ ಕೆಲಸ. ಸೋತರೆ ಡಿಸೆಂಬರ್ ಹೇಗೂ ಬಂದೇ ಬಂತು.

೧೯ ನವೆಂಬರ್, ಬುಧವಾರ

ಮಾಲೀಕರು ಬೆಂಗಳೂರಿನಿಂದ ಫೋನು ಮಾಡಿದ್ದರು. ಗಂಗರತ್ನಮ್ಮ ಅಕ್ಕನನ್ನು ನೇಮಿಸಿಕೊಂಡಿರುವುದು ವರ್ಷದ ಕೊನೆಯವರೆಗೆ ಮಾತ್ರ, ಆಮೇಲೆ ಕಂಪನಿ ಉಳಿದರೆ ಕುರ್ಚಿ ನಿಮಗೇ, ಏನಂತೀರಾ ಅಂದರು. ಅವರಿಲ್ಲದೆ ಈ ಕಾರ್ಖಾನೆ ಹೇಗೆ ನಡೆಯುತ್ತದೆ ಸಾರ್, ಅವರೇ ಇರಲಿ, ಟ್ಯಾಕ್ಸಿ ಕಂಪನಿಯ ಮಾತು ಈಗ ಹೆಪ್ಪುಗಟ್ಟುತ್ತಿದೆ, ಮಧ್ಯದಲ್ಲಿ ಕದಡಬೇಡಿ ಅಂದೆ. ಮಾಲೀಕರಿಗೆ ಯಾಕೋ ಆಶ್ಚರ್ಯವಾಯಿತು.

ಶಶಿರೇಖಳಿಗೆ ಹೇಳಿದೆ. ಅವಳು ಬಹಳ ಹೊತ್ತು ನನ್ನ ಮುಖವನ್ನೇ ನೋಡಿ ನಕ್ಕಳು. ಯಾಕೆಂದು ಕೇಳಿದರೆ ಹೇಳಲಿಲ್ಲ. ಈ ವಾರ ಮಳೆ ಬಿಟ್ಟಿಲ್ಲ. ಬೇತಮಂಗಲದ ಕೆರೆ ಕೋಡಿ ಬಿದ್ದಿದೆಯಂತೆ.

೨೬ ನವೆಂಬರ್, ಬುಧವಾರ

ಟ್ಯಾಕ್ಸಿ ಕಂಪನಿಯ ಎಂಜಿನಿಯರು ಬಂದರು. ಹೆಸರು ವನಿತಾ. ನಗುವುದು ಗೊತ್ತಿಲ್ಲದ ಹೆಣ್ಣುಮಗಳು. ಅಕ್ಕ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿಬಿಟ್ಟರು, ಕಾರ್ಡಿನ ಕಥೆಯನ್ನೂ. ವನಿತಾ ಎಲ್ಲ ಕೇಳಿ, "ಹಾಗಾದರೆ ನಿನ್ನೆ ಪಾಳಿ ಬದಲಾಗುವಾಗ ಅಂಟಿನ ಜಾಗದಲ್ಲಿದ್ದ ಗಾಡಿಯನ್ನೇ ಕೊಡಿ" ಅಂದರು.

"ಅದನ್ನೇ ತಗೊಳಿ. ನೀರು ಎಲ್ಲಿ ಬೇಕು?" ಅಂದರು ಅಕ್ಕ.

"ಬೇತಮಂಗಲದಾಗೆ ಕೋಡಿ ನೀರು ರಸ್ತೆ ಮೇಲೆ ಅರೀತಾ ಅದೆ ಅಕ್ಕ, ಅಲ್ಲಿಗೇ ಓಗಾನ" ಅಂದೆ. ನನ್ನ ಹುಟ್ಟೂರು ಅದು. ಹೇಳಿದ ಮೇಲೆ ಅಯ್ಯೋ ಅನ್ನಿಸಿತು. ಗಾಡಿ ನಿಂತರೆ ನನ್ನ ಊರಿನವರ ಮುಂದೆಯೇ ನಿಲ್ಲುತ್ತದೆ.

ದಾರಿಯ ಗುಂಡಿಗಳಲ್ಲೆಲ್ಲ ವನಿತಾ ಬೇಕೆಂದೇ ಗಾಡಿಯನ್ನು ಕುಲುಕಾಡಿಸಿದರು. ಕೋಡಿಯ ಹತ್ತಿರ ಜಾತ್ರೆಯಷ್ಟು ಜನ ಸೇರಿದ್ದರು. ನೀರಿಗೆ ಪೂಜೆ ಮಾಡಲು ಬಂದ ಹೆಂಗಸರು ಬೇರೆ. ನನ್ನ ಅತ್ತಿಗೆ ಪಾಪಕ್ಕ ದಡದಿಂದಲೇ ಕೂಗಿದರು: "ಲೋ ಮುನಿರಾಜ, ಗಾಡಿ ತೇಲ್ಕಂಡು ಓದ್ರೆ ಈಜಕ್ಕೆ ಬತ್ತದೇನ್ಲಾ ನಿಂಗೆ?" ಎಲ್ಲರೂ ಗೊಳ್ಳೆಂದರು.

ನಾನು ಸ್ಟೀರಿಂಗ್ ಹಿಡಿದೆ. ಪಕ್ಕದಲ್ಲಿ ವನಿತಾ, ಹಿಂದಿನ ಸೀಟಿನಲ್ಲಿ ಅಕ್ಕ. ಒಂದು ಸಲ ದಾಟಿದೆವು. ತಿರುಗಿಸಿ ಇನ್ನೊಂದು ಸಲ ದಾಟಿದೆವು. ಮತ್ತೆ ತಿರುಗಿಸಿದಾಗ ನಟ್ಟನಡುವೆ ವನಿತಾ, "ನಿಲ್ಲಿಸಿ. ಆಫ್ ಮಾಡಿ" ಅಂದರು.

ಆಫ್ ಮಾಡಿದೆ. ಕೆಂಪು ನೀರು ಚಕ್ರವನ್ನು ಮುಕ್ಕಾಲು ಮುಚ್ಚಿ ಹರಿಯುತ್ತಿತ್ತು. ಗಾಡಿಯ ಅಡಿಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು. ವನಿತಾ ಗಡಿಯಾರ ನೋಡುತ್ತ ಕೂತರು. ದಡದಲ್ಲಿದ್ದವರು ಗಾಡಿ ಕೆಟ್ಟುಹೋಯಿತು ಎಂದುಕೊಂಡಿರಬೇಕು, ಯಾರೋ ಹಗ್ಗ ತರಲು ಓಡಿದರು. ಹಿಂದಿನಿಂದ ಅಕ್ಕನ ಉಸಿರು ನನಗೆ ಕೇಳಿಸುತ್ತಿತ್ತು. ಸೆಲ್ವರಾಜ್, ಗೋಪಿ, ಮಜ್ಜಿಗೆಯ ಕನಕಮ್ಮ, ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಇವರೆಲ್ಲ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ ಎನ್ನಿಸಿತು.

"ಈಗ ಹೊರಡಿ."

ಗುಂಡಿ ಒತ್ತಿದೆ. ಕರೆಂಟು ಗಾಡಿ, ಸದ್ದೇ ಮಾಡುವುದಿಲ್ಲ. ಹೊರಟಿತೋ ಇಲ್ಲವೋ ಎಂದು ನನಗೇ ಗೊತ್ತಾಗಲಿಲ್ಲ. ಆಮೇಲೆ ನೋಡಿದರೆ ದಡ ಹತ್ತಿರ ಬರುತ್ತಿದೆ! ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗೇ ಇಳಿದುಬಿಟ್ಟಿದ್ದರು. ಹಗ್ಗ ತಂದವನು ಹಗ್ಗವನ್ನು ತಲೆಯ ಮೇಲೆ ತಿರುಗಿಸುತ್ತ ಕುಣಿಯುತ್ತಿದ್ದ.

ಕಾರ್ಖಾನೆಗೆ ತಂದು ಎಲ್ಲರ ಮುಂದೆ ಪೆಟ್ಟಿಗೆಯ ಮುಚ್ಚಳ ಬಿಚ್ಚಿಸಿದರು. ವನಿತಾ ಬೆರಳು ಹಾಕಿ ಮೂಲೆಮೂಲೆಯಲ್ಲಿ ಸವರಿ ಎತ್ತಿ ಹಿಡಿದರು. ಬೆರಳಿನ ತುದಿಯಲ್ಲಿ ಒಣ ಧೂಳು.

"ಧೂಳು ಎಂಗ್ ಬಂತು ಒಳಕ್ಕೆ? ಮುಚ್ಚೋಕ್ ಮುಂಚೆ ಒರೆಸಲ್ವಾ ನೀವು?" ಎಂದು ಅಕ್ಕ ನಿಜವಾಗಿಯೂ ಸಿಟ್ಟಾದರು. ವನಿತಾ ನಕ್ಕಿದ್ದು ಆಗ.

೧ ಡಿಸೆಂಬರ್, ಸೋಮವಾರ

ಮಧ್ಯಾಹ್ನ ಅಕ್ಕ ತಮ್ಮ ಕೋಣೆಗೆ ಕರೆದರು. ಫೋನು ಇನ್ನೂ ಕೈಯಲ್ಲಿತ್ತು. ಟ್ಯಾಕ್ಸಿ ಕಂಪನಿಯವರು ಒಪ್ಪಿದ್ದಾರೆ. ಮಾಲೀಕರು ಬೀಗದ ಮಾತನ್ನು ಕೈಬಿಟ್ಟಿದ್ದಾರೆ. ಈ ಗಾಡಿಗಳನ್ನು ಮಾಡಿಕೊಡಲು ಎರಡು ಪಾಳಿ ಸಾಲದು, ಮೂರನೆಯದು ಶುರು ಮಾಡಬೇಕು. ಅಕ್ಕನೂ ಇಲ್ಲೇ ಇರುತ್ತಾರೆ. ಇಷ್ಟನ್ನು ಹೇಳುವಷ್ಟರಲ್ಲಿ ಎರಡು ಸಲ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ನಿಂತೆ. ನನ್ನ ಸ್ಥಿತಿಯೂ ಏನೂ ಬೇರೆ ಇರಲಿಲ್ಲ.

ಪಾಳಿ ಬದಲಾಗುವ ಹೊತ್ತು. ಹೋಗುವವರು, ಬರುವವರು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದೆವು. ಡಿಸೆಂಬರ್ ಒಂದನೇ ತಾರೀಕು ಎಂದು ಎಲ್ಲರಿಗೂ ಗೊತ್ತು. ಕೆಲವರು ಆಗಲೇ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

ಅಕ್ಕ ಎರಡು ಸಲ ಬಾಯಿ ತೆಗೆದರು. ಆಮೇಲೆ ನನ್ನ ತೋಳು ಹಿಡಿದು ಮುಂದಕ್ಕೆ ತಳ್ಳಿ, "ಮುನಿರಾಜು, ನೀನೇ ಏಳಪ್ಪ" ಅಂದರು.

ಮರದ ಪೆಟ್ಟಿಗೆಯೊಂದರ ಮೇಲೆ ಹತ್ತಿದೆ. ದೊಡ್ಡ ಭಾಷಣ ಮಾಡಬೇಕೆಂದಿದ್ದೆ. ಬಂದದ್ದು ಒಂದೇ ಮಾತು.

"ಮುಚ್ಚಲ್ಲ!"

ಯಾರೂ ಅಲ್ಲಾಡಲಿಲ್ಲ. ಗಣಿಯ ಕಾಲದಿಂದ ಎಷ್ಟು ಜನ ಎಷ್ಟು ಸಲ ಹೀಗೆ ಪೆಟ್ಟಿಗೆ ಹತ್ತಿ ಎಷ್ಟು ಭರವಸೆ ಕೊಟ್ಟಿದ್ದಾರೋ. ಇಲ್ಲಿಯವರಿಗೆ ನಂಬುವುದು ಸುಲಭವಲ್ಲ. ಸೆಲ್ವರಾಜ್ ಮೊದಲ ಸಾಲಿನಲ್ಲಿದ್ದ. ಅವನ ಕಣ್ಣನ್ನೇ ನೋಡಿ ಅದನ್ನೇ ಅವನ ತಮಿಳಿನಲ್ಲಿ ಇನ್ನೂ ಗಟ್ಟಿಯಾಗಿ ಕೂಗಿದೆ.

"ಮೂಡಮಾಟ್ಟಾಂಗ!"

ಅವನ ಪಕ್ಕದಲ್ಲಿ ಗೋಪಿ ಅಂಟಿನ ಗನ್ನು ಹಿಡಿದೇ ಬಂದು ನಿಂತಿದ್ದ. ಅವನ ಕಡೆ ತಿರುಗಿ ತೆಲುಗಿನಲ್ಲಿ ಕೂಗಿದೆ.

"ಮೂಸೆಯ್ಯರು!"

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೋ ಎಂದು ಕೂಗಿದಳು. ಕನಕಮ್ಮ ಅಂತ ಕಾಣುತ್ತದೆ. ಅಲ್ಲಿಂದ ಯಾರು ಯಾವ ಭಾಷೆಯಲ್ಲಿ ಏನು ಕೂಗಿದರೋ ದೇವರಿಗೇ ಗೊತ್ತು. ಡಬ್ಬಿಗಳು ಮೇಲಕ್ಕೆ ಹಾರಿದವು. ಸೆಲ್ವರಾಜ್ ಗೋಪಿಯನ್ನು ಗನ್ನು ಸಮೇತ ಎತ್ತಿಕೊಂಡ. ಹೆಂಗಸರು ಅಕ್ಕನ ಸುತ್ತ ಮುತ್ತಿಕೊಂಡು ಕೆನ್ನೆ ಸವರಿ ದೃಷ್ಟಿ ತೆಗೆದರು. ಅಕ್ಕ ಮಗುವಿನ ಹಾಗೆ ಅಳುತ್ತ ನಗುತ್ತ ನಿಂತಿದ್ದರು. ನನ್ನನ್ನು ಪೆಟ್ಟಿಗೆಯಿಂದ ಇಳಿಯಲು ಬಿಡಲಿಲ್ಲ. "ಇನ್ನೊಂದ್ಸಲ ಏಳು ಸಾರ್, ಇನ್ನೊಂದ್ಸಲ!" ಎಂದು ಕೂಗಿದರು. ನಾನು ಹೇಳುತ್ತಲೇ ಇದ್ದೆ, ಮೂರು ಭಾಷೆಯಲ್ಲೂ, ದನಿ ಹೋಗುವವರೆಗೆ.